ಹುಲ್ಲಿನ ಕಾವಲಿಗೆ ಗಿಡ ಬೇಡ, ಕಾಲುದಾರಿ ಕೊಡಿ

ಮಾನ್ಯ ಸಂಪಾದಕರೇ,

ಜೂನ್ 5ರ ಪರಿಸರ ದಿನ ಹತ್ತಿರ ಬಂತು ಅಂದರೆ ನಮ್ಮ ಮೈಸೂರು, ಮಂಡ್ಯ ಕಡೆ ಗುದ್ದಲಿ, ಪಿಕಾಸಿಗಳಿಗೆ ಕೆಲಸ ಬರುತ್ತದೆ. ಅದು ಮುಗಿಯುವಷ್ಟರಲ್ಲಿ ಜುಲೈ, ವನಮಹೋತ್ಸವ. ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ. ಹತ್ತು ಜನ ಗಣ್ಯರು, ಒಂದೇ ಒಂದು ಸಸಿ, ಹಿಂದೆ ಒಂದು ಗುಡ್ಡ. ಗುಡ್ಡ ಬೋಳಾಗಿದೆ, ಹಸಿರು ಮಾಡುತ್ತಿದ್ದೇವೆ ಅಂತ ಕೆಳಗೆ ಒಂದು ಸಾಲು. ಈ ಸಲದ ಫೋಟೊ ಬರುವ ಮೊದಲೇ ನನ್ನ ಪತ್ರ ನಿಮ್ಮ ಕೈ ಸೇರಲಿ ಅಂತ ಬರೆಯುತ್ತಿದ್ದೇನೆ.

ಗಿಡ ನೆಡುವುದಕ್ಕೆ ನನ್ನ ವಿರೋಧ ಇಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿ ರಿಟೈರ್ ಆದವಳು ನಾನು. ಎಷ್ಟೋ ಮಕ್ಕಳ ಕೈಲಿ ಹೊಂಗೆ, ಬೇವು, ನೇರಳೆ ನೆಡಿಸಿದ್ದೇನೆ. ಅದರಲ್ಲಿ ಕೆಲವು ಈಗ ನೆರಳು ಕೊಡುತ್ತಿವೆ. ನನ್ನ ತಕರಾರು ಇರುವುದು ಜಾಗದ ಬಗ್ಗೆ. ಹುಲ್ಲು ಬೆಳೆದ ಜಾಗವನ್ನು ಕಂಡ ಕೂಡಲೇ ಅದು ಖಾಲಿ ಬಿದ್ದಿದೆ ಅಂತ ನಾವು ಯಾಕೆ ತೀರ್ಮಾನ ಮಾಡುತ್ತೇವೆ?

ಈ ಪ್ರಶ್ನೆ ಮೊದಲಿಂದಲೂ ತಲೆಯಲ್ಲಿತ್ತು. ಅದಕ್ಕೆ ಸಾಣೆ ಹಿಡಿದದ್ದು ಮಾತ್ರ ಅಮೆರಿಕದ ಒಂದು ಪಾರ್ಕ್. ನನ್ನ ಮಗಳು, ಅಳಿಯ ಮಿಸೌರಿ ರಾಜ್ಯದ ಜಾಪ್ಲಿನ್ ಅನ್ನುವ ಊರಿನಲ್ಲಿದ್ದಾರೆ. ಬಾಣಂತನಕ್ಕೆ ಅಂತ ಹೋದ ನಾನೂ ನಮ್ಮ ಯಜಮಾನರೂ ಬೇಸಿಗೆಯಿಂದ ಚಳಿ ಶುರುವಾಗುವ ತನಕ ಅಲ್ಲೇ ಇದ್ದೆವು. ಅಮೆರಿಕಕ್ಕೆ ಹೋದ ಅಪ್ಪ-ಅಮ್ಮಂದಿರನ್ನು ನಯಾಗರಾ ಮುಂದೆ ನಿಲ್ಲಿಸಿ ಫೋಟೊ ತೆಗೆಯುವುದು ವಾಡಿಕೆ. ನಮ್ಮ ಮನೆಯಲ್ಲಿ ಕೂಸು ಚಿಕ್ಕದು, ದೂರದ ಪ್ರಯಾಣ ಆಗುವುದಿಲ್ಲ. ಹಾಗಾಗಿ ಮಗಳು ಹತ್ತಿರದ ಪ್ರೇರಿ ಸ್ಟೇಟ್ ಪಾರ್ಕಿಗೆ ಕರೆದುಕೊಂಡು ಹೋದಳು. ಕಾನ್ಸಾಸ್ ಗಡಿಗೆ ಅಂಟಿಕೊಂಡಂತೆ, ಮೈಂಡೆನ್‌ಮೈನ್ಸ್ ಅನ್ನುವ ಪುಟ್ಟ ಊರಿನ ಪಕ್ಕ ಇದೆ. ದಾರಿಯಲ್ಲಿ ಮುಸುಕಿನ ಜೋಳದ ಹೊಲ, ಸೋಯಾ ಹೊಲ, ಮತ್ತೆ ಜೋಳದ ಹೊಲ. ಆಮೇಲೆ ಹೊಲಗಳು ಮುಗಿದು ಬರೀ ಹುಲ್ಲು. ಕಣ್ಣು ಹಾಯುವವರೆಗೂ ಹುಲ್ಲು.

ನಮ್ಮ ಯಜಮಾನರು ಕಾರಿನಿಂದ ಇಳಿದು ಒಂದು ಸುತ್ತು ನೋಡಿದರು. "ಇದ್ನ ನೋಡಕ್ಕೆ ಇಷ್ಟ್ ಪೆಟ್ರೋಲ್ ಸುಟ್ಕಂಡ್ ಬಂದ್ವಾ? ನಮ್ಮೂರ್ ಗೋಮಾಳ ಇದ್ದಂಗದೆ" ಅಂದರು. "ಅದಕ್ಕೇ ಕರ್ಕೊಂಡು ಬಂದಿದ್ದು ಅಪ್ಪಾ" ಅಂದಳು ಮಗಳು.

ಸುಮಾರು 4,000 ಎಕರೆ. 1980ರಲ್ಲಿ ಪಾರ್ಕ್ ಆಯಿತು. ಮಿಸೌರಿಯಲ್ಲಿ ಒಂದು ಕಾಲಕ್ಕೆ ಪ್ರೇರಿ, ಅಂದರೆ ಇಂಥ ಎತ್ತರದ ಹುಲ್ಲಿನ ಬಯಲು, ಒಂದೂವರೆ ಕೋಟಿ ಎಕರೆಯಷ್ಟಿತ್ತಂತೆ. ರಾಜ್ಯದ ಮೂರನೇ ಒಂದು ಭಾಗ. 1837ರಲ್ಲಿ ಜಾನ್ ಡೀರ್ ಉಕ್ಕಿನ ನೇಗಿಲು ಮಾಡಿದ. ಅದಕ್ಕೂ ಮೊದಲು ಆ ಹುಲ್ಲಿನ ಬೇರು ಕಡಿದು ಉಳುವುದು ಬಹಳ ಕಷ್ಟವಿತ್ತು. ಆಮೇಲೆ ಸಲೀಸಾಯಿತು. ಉತ್ತರು, ಉತ್ತರು, ಉತ್ತುಬಿಟ್ಟರು. ಈಗ ಉಳಿದಿರುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಹಾಗೆ ಉಳಿದ ತುಂಡುಗಳಲ್ಲಿ ದೊಡ್ಡದು ಈ ಪಾರ್ಕು.

ಅಲ್ಲಿ ಮಾಡುವುದೇನು ಅಂತ ಕೇಳಬಹುದು. ನಡೆಯುವುದು. ಅಷ್ಟೇ. ಗೇಫೆದರ್, ಡ್ರೋವರ್ಸ್, ಕಾಯೋಟಿ ಅಂತೆಲ್ಲ ಹೆಸರಿಟ್ಟ ಕಾಲುದಾರಿಗಳಿವೆ. ದಾರಿ ಅಂದರೆ ಹುಲ್ಲನ್ನು ಕತ್ತರಿಸಿ ಮಾಡಿದ ಪಟ್ಟಿ. ಟೈಲ್ಸ್ ಇಲ್ಲ, ಸಿಮೆಂಟ್ ಮೆಟ್ಟಿಲು ಇಲ್ಲ, ಕಲ್ಲಿನ ಆನೆ ಇಲ್ಲ. ಊಟ ಕಟ್ಟಿಕೊಂಡು ಹೋದರೆ ಕೂತು ತಿನ್ನಲು ಮೇಜು ಇದೆ. ಟೆಂಟ್ ಹಾಕಿಕೊಂಡು ಉಳಿಯಲು ಸ್ವಲ್ಪ ಜಾಗ ಇದೆ. ಒಂದು ಪ್ರಕೃತಿ ಕೇಂದ್ರ ಇದೆ. ನಡೆಯಲು ಹೊರಡುವ ಮೊದಲು ಅಲ್ಲಿ ಹೋಗಿ, ಇವತ್ತು ಬೈಸನ್ (ನಮ್ಮ ಕಾಡೆಮ್ಮೆಯನ್ನು ಹೋಲುವ ಅಮೆರಿಕದ ಪ್ರಾಣಿ) ಯಾವ ಕಡೆ ಇವೆ ಅಂತ ಕೇಳಬೇಕು. ಯಾಕೆಂದರೆ ಅಲ್ಲಿ ಬೈಸನ್‌ಗಳು ಓಡಾಡಿಕೊಂಡಿರುತ್ತವೆ. ಗಂಡು ಬೈಸನ್ 900 ಕೆಜಿವರೆಗೂ ತೂಗುತ್ತದೆ, ಬೇಕೆಂದಾಗ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಗೋಮಾಳ ಅಂದಿದ್ದ ನಮ್ಮ ಯಜಮಾನರು ದೂರದಲ್ಲಿ ಒಂದು ಕಪ್ಪು ಬೆನ್ನು ಕಂಡ ಮೇಲೆ ಕಾರಿನ ಬಾಗಿಲ ಹತ್ತಿರವೇ ಜಾಸ್ತಿ ಹೊತ್ತು ಕಳೆದರು.

19ನೇ ಶತಮಾನದ ಶುರುವಿನಲ್ಲಿ ಅಮೆರಿಕದಲ್ಲಿ ಬೈಸನ್‌ಗಳು ಕೋಟಿಗಟ್ಟಲೆ ಇದ್ದವು. ಆ ಶತಮಾನ ಮುಗಿಯುವ ಹೊತ್ತಿಗೆ ಬೇಟೆಯಾಡಿ ಸಾವಿರದ ಆಸುಪಾಸಿಗೆ ಇಳಿಸಿದ್ದರು. 2016ರಲ್ಲಿ ಅದನ್ನು ರಾಷ್ಟ್ರೀಯ ಸಸ್ತನಿ ಅಂತ ಘೋಷಿಸಿದರು. ಕೊಂದು ಮುಗಿಸಿ ಆಮೇಲೆ ಪಟ್ಟ ಕಟ್ಟುವುದು ಎಲ್ಲ ದೇಶದಲ್ಲೂ ಇದೆ ಬಿಡಿ.

ನನಗೆ ಬೈಸನ್‌ಗಿಂತ ಜಾಸ್ತಿ ಹಿಡಿಸಿದ್ದು ಅಲ್ಲಿನ ಹುಲ್ಲು. ಬಿಗ್ ಬ್ಲೂಸ್ಟೆಮ್ ಅನ್ನುವುದು ಆ ರಾಜ್ಯದ ರಾಜ್ಯ ಹುಲ್ಲು. ಹೌದು, ಹುಲ್ಲಿಗೂ ಅಂಥ ಮರ್ಯಾದೆ! ಆಳುದ್ದ ದಾಟಿ ಬೆಳೆಯುತ್ತದೆ. ನೆಲದ ಕೆಳಗೆ ಬೇರು ಹತ್ತು ಅಡಿವರೆಗೂ ಇಳಿಯುತ್ತದೆ. ಮೇಲೆ ಕಾಣುವುದಕ್ಕಿಂತ ಕೆಳಗೇ ಸಂಸಾರ ದೊಡ್ಡದು. ಅದಕ್ಕೇ ಬರ ಬಂದರೂ ಸಾಯುವುದಿಲ್ಲ, ಬೆಂಕಿ ಬಿದ್ದರೂ ಸಾಯುವುದಿಲ್ಲ, ದನ ಮೇಯ್ದರೂ ಮತ್ತೆ ಚಿಗುರುತ್ತದೆ. ಮಣ್ಣನ್ನು ಹಿಡಿದಿಡುವುದೂ, ಮಳೆ ನೀರನ್ನು ಕೆಳಗಿಳಿಸುವುದೂ ಆ ಬೇರುಗಳೇ. ಬೇಸಿಗೆಯಲ್ಲಿ ಹುಲ್ಲಿನ ನಡುವೆ ನೇರಳೆ, ಹಳದಿ, ಕೇಸರಿ ಹೂಗಳು. ಅಕ್ಟೋಬರ್‌ನಲ್ಲಿ ಹೋದಾಗ ಇಡೀ ಬಯಲು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಆ ಸೀಮೆಯ ಬಯಲುಗಳಲ್ಲಿ ದಿಕ್ಸೂಚಿ ಗಿಡ ಅಂತ ಒಂದಿದೆ. ಅದರ ಎಲೆಯ ಅಂಚುಗಳು ಉತ್ತರ-ದಕ್ಷಿಣಕ್ಕೆ ತಿರುಗಿ ನಿಲ್ಲುತ್ತವೆ, ನಡು ಮಧ್ಯಾಹ್ನದ ಬಿಸಿಲು ನೇರ ಬೀಳಬಾರದು ಅಂತ. ಇದನ್ನು ಪಾಠ ಮಾಡಲು ನನಗೆ ಈಗ ತರಗತಿ ಇಲ್ಲವಲ್ಲ ಅಂತ ಹೊಟ್ಟೆ ಉರಿಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ಮರ ನೆಡುವುದಿಲ್ಲ. ನೆಡದಿರುವುದಷ್ಟೇ ಅಲ್ಲ, ಹುಲ್ಲಿನೊಳಗೆ ತಾನಾಗಿ ಹುಟ್ಟಿಕೊಂಡ ಮರ, ಪೊದೆಗಳನ್ನು ಕಡಿದು ತೆಗೆಯುತ್ತಾರೆ. ಪಾರ್ಕನ್ನು ಭಾಗ ಮಾಡಿಕೊಂಡು, ಪಾಳಿ ಪ್ರಕಾರ, ಗಾಳಿ-ತೇವ ನೋಡಿಕೊಂಡು ಬೆಂಕಿ ಇಡುತ್ತಾರೆ. ಸುಟ್ಟ ಕಡೆ ಎಳೆ ಹುಲ್ಲು ಬರುತ್ತದೆ, ಬೈಸನ್‌ಗಳು ಅಲ್ಲಿಗೆ ಹೋಗುತ್ತವೆ. ಉಳಿದ ಕಡೆ ಹುಲ್ಲು ದಟ್ಟವಾಗುತ್ತದೆ. ಗಿಡ್ಡ ಹುಲ್ಲು ಬೇಕಾದ ಹಕ್ಕಿಗೂ ಜಾಗ, ಎತ್ತರದ ಹುಲ್ಲು ಬೇಕಾದ ಹಕ್ಕಿಗೂ ಜಾಗ. ಬೈಸನ್ ಹೊರಳಾಡಿದ ಕಡೆ ಮಣ್ಣು ತಗ್ಗಾಗಿ ಮಳೆ ನೀರು ನಿಲ್ಲುತ್ತದೆ, ಅಲ್ಲಿ ಕಪ್ಪೆಗಳು. ಹುಲ್ಲುಗಾವಲಿಗೆ ಮರ ಬಂದರೆ ಅದು ಹುಲ್ಲುಗಾವಲಾಗಿ ಉಳಿಯುವುದಿಲ್ಲ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ ಉಳಿಯುವುದಿಲ್ಲ ಅನ್ನುವುದು ಅವರ ಲೆಕ್ಕ. ವನಮಹೋತ್ಸವ ಮಾಡಿಸಿ ಅಭ್ಯಾಸ ಇದ್ದವಳಿಗೆ ಇದನ್ನು ಕೇಳಿ ಜೀರ್ಣ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ನಮ್ಮದು ಅಮೆರಿಕ ಅಲ್ಲ, ನಮ್ಮ ಗುಡ್ಡ ಪ್ರೇರಿ ಅಲ್ಲ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ನಿಜ. ಮಂಡ್ಯದ ಮಳೆ ಬೇರೆ, ಕಲ್ಲು ಬೇರೆ, ಹುಲ್ಲು ಬೇರೆ. ಆದರೆ ಹುಲ್ಲಿನ ಬೆಲೆ ನಮಗೆ ಗೊತ್ತಿರಲಿಲ್ಲ ಅಂತ ಮಾತ್ರ ಹೇಳಬೇಡಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲೇ ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಅಂತ ಒಂದು ಇಲಾಖೆ ಇತ್ತು. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಆ ದನಗಳ ಮೇವಿಗೆ ಅಂತಲೇ ಊರೂರಲ್ಲಿ ಕಾವಲುಗಳನ್ನು ಮೀಸಲಿಟ್ಟರು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗೆ ಇನ್ನೊಂದು. ದನ ಪಾಳಿ ಮೇಲೆ ತಿರುಗುತ್ತಿದ್ದವು, ಹುಲ್ಲು ಪಾಳಿ ಮೇಲೆ ಸುಧಾರಿಸಿಕೊಳ್ಳುತ್ತಿತ್ತು. ಮಿಸೌರಿಯವರು ಈಗ ಮ್ಯಾಪ್ ಹಾಕಿಕೊಂಡು ಮಾಡುತ್ತಿರುವುದೂ ಇಂಥದ್ದೇ ಅಲ್ವಾ?

ಚಿಕ್ಕಮಗಳೂರು, ಚಿತ್ರದುರ್ಗ, ಹಾಸನ, ತುಮಕೂರು ಕಡೆಯ ಕಾವಲುಗಳ ಮಾತು ಇರಲಿ, ನಮ್ಮ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟವೂ ಅಮೃತ ಮಹಲ್ ಕಾವಲೇ. ಶಿವರಾತ್ರಿ ಸುಮಾರಿಗೆ ಅಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಎತ್ತುಗಳಿಗೆ ಹಾರ, ತಮಟೆ, ಮೆರವಣಿಗೆ. ಉಳಿದ ದಿನಗಳಲ್ಲಿ ಆ ಬೆಟ್ಟ ಪೇಪರಿನಲ್ಲಿ ಬಂದದ್ದು ಕಲ್ಲು ಗಣಿಗಾರಿಕೆಗೆ. ಕೆಆರ್‌ಎಸ್ ಅಣೆಕಟ್ಟೆಯ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ ಬೇಡ ಅಂತ 2024ರಲ್ಲಿ ಹೈಕೋರ್ಟ್ ಹೇಳಬೇಕಾಯಿತು. ಅಣೆಕಟ್ಟೆಗೆ ಅಪಾಯ ಅಂದಾಗ ಎಲ್ಲರಿಗೂ ಎಚ್ಚರ ಆಯಿತು. ಹುಲ್ಲು ಹೋಯಿತು ಅಂತ ಕೋರ್ಟಿಗೆ ಹೋಗುವವರು ಅಪರೂಪ.

ಮೇಲುಕೋಟೆಯನ್ನೇ ತೆಗೆದುಕೊಳ್ಳಿ. ವೈರಮುಡಿಗೆ ಲಕ್ಷಾಂತರ ಜನ ಬರುತ್ತಾರೆ. ಪುಳಿಯೋಗರೆ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಾರೆ. ಆ ಬೆಟ್ಟಗಳ ಸುತ್ತ 50 ಚದರ ಕಿಲೋಮೀಟರ್‌ನಷ್ಟು ಜಾಗ 1974ರಿಂದ ವನ್ಯಧಾಮ, ಅದೂ ತೋಳಗಳಿಗಾಗಿ ಮಾಡಿದ್ದು ಅಂತ ಅವರಲ್ಲಿ ಎಷ್ಟು ಜನಕ್ಕೆ ಗೊತ್ತು? ತೋಳಕ್ಕೆ ದಟ್ಟ ಕಾಡು ಬೇಡ. ಕುರುಚಲು, ಹುಲ್ಲು, ಬಂಡೆ ಇರುವ ಬಯಲು ಬೇಕು. ಅಂಥ ಕಡೆ ಮರ ತುಂಬಿಸಿದರೆ ತೋಳದ ಮನೆಗೆ ಬೀಗ ಹಾಕಿದಂತೆ.

ನಾನು ಹುಟ್ಟಿ ಬೆಳೆದದ್ದು ಆ ಕಡೆಯ ಹಳ್ಳಿಯಲ್ಲಿ. ನಮ್ಮ ತಾತ ಕುರಿ ಸಾಕಿದ್ದರು, ಬನ್ನೂರು ಕುರಿ. ಅವರ ಹಿಂದೆ ಗುಡ್ಡದ ಮೇಲೆ ಅಲೆದವಳು ನಾನು. ಮಳೆ ಬಿದ್ದ ಮೇಲೆ ಗುಡ್ಡ ಒಂದೇ ಬಣ್ಣದಲ್ಲಿ ಇರುತ್ತಿರಲಿಲ್ಲ. ಗರಿಕೆ ಒಂದು ಹಸಿರು, ಬಾದೆ ಹುಲ್ಲು ಇನ್ನೊಂದು, ನಡುನಡುವೆ ತುಂಬೆಯ ಬಿಳಿ, ತಂಗಡಿಯ ಹಳದಿ. ಎಲಚಿ ಹಣ್ಣು, ಕಾರೆ ಹಣ್ಣು ಉಡಿ ತುಂಬ. ಕಾಲ ಕೆಳಗಿಂದ ಪುರ್ರನೆ ಕೌಜುಗ ಹಾರಿದರೆ ಎದೆ ಧಸಕ್ ಅನ್ನುತ್ತಿತ್ತು. ಮರಿ ಹತ್ತಿರ ಹೋದರೆ ಟಿಟ್ಟಿಭ ತಲೆ ಮೇಲೇ ಬಂದು ಕಿರುಚುತ್ತಿತ್ತು. ಚಳಿಗಾಲಕ್ಕೆ ಹುಲ್ಲಿನ ಮೇಲೆ ತೀರಾ ಕೆಳಗೆ, ತೇಲಿಕೊಂಡು ಹಾರುವ ಒಂದು ಗಿಡುಗ ಬರುತ್ತಿತ್ತು. ದೂರದ ಮಧ್ಯ ಏಷ್ಯಾ ಕಡೆಯಿಂದ ಬರುವ ಹ್ಯಾರಿಯರ್ ಅದು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದ ಮೇಲೆ. ಮಿಸೌರಿಯ ಬಯಲಿನಲ್ಲೂ ಅದೇ ಜಾತಿಯ ಸಂಬಂಧಿಕ ಹಕ್ಕಿಯೊಂದು ಅದೇ ರೀತಿ ಹುಲ್ಲಿಗೆ ಹೊಟ್ಟೆ ತಾಗಿಸಿಕೊಂಡು ಹಾರುತ್ತಿತ್ತು.

ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಶಾಲೆಯ ಹಿಂದೆ ಇಂಥದೇ ಒಂದು ಇಳಿಜಾರು ಇತ್ತು. ಒಂದು ವರ್ಷ ಯಂತ್ರ ತಂದು ಸಾಲುಸಾಲಾಗಿ ಗುಂಡಿ ತೋಡಿದರು. ಹುಲ್ಲು ಕಿತ್ತು ಬಂತು. ಸಸಿ ನೆಟ್ಟರು, ಬೋರ್ಡ್ ಹಾಕಿದರು, ಕುರಿ ಬಿಡಬೇಡಿ ಅಂದರು. ಬೇಸಿಗೆಗೆ ನೀರು ಹಾಕುವವರು ಯಾರೂ ಇಲ್ಲ. ಸಸಿಗಳು ಒಣಗಿದವು. ಅಲ್ಲಿ ಈಗ ಗಿಡವೂ ಇಲ್ಲ, ಮೊದಲಿನ ಹುಲ್ಲೂ ಇಲ್ಲ. ಗುಂಡಿಗಳ ಅಂಚಿಗೆ ಲಾಂಟಾನ ಹಬ್ಬಿದೆ. ಕುರಿಯವರು ಕುರಿ ಮಾರಿ ಮೈಸೂರಿಗೆ ಗಾರೆ ಕೆಲಸಕ್ಕೆ ಬರುತ್ತಾರೆ.

ಇದು ಚಿಕ್ಕ ಜಾಗದ ಕಥೆ. ದೊಡ್ಡ ಜಾಗದ ಕಥೆ ಬೇಕಾದರೆ ರಾಣೆಬೆನ್ನೂರಿಗೆ ಹೋಗಿ. ಕೃಷ್ಣಮೃಗಕ್ಕೆ ಅಂತ ಇದ್ದ ಹುಲ್ಲು ಬಯಲಲ್ಲಿ ನೀಲಗಿರಿ ತೋಪು ಎಬ್ಬಿಸಿದರು. ಆ ಬಯಲಿನಲ್ಲಿ ಓಡಾಡುತ್ತಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗ ಅಲ್ಲಿಲ್ಲ. ಇಡೀ ಕರ್ನಾಟಕದಲ್ಲಿ ಅದನ್ನು ನೋಡಬೇಕಾದರೆ ಬಳ್ಳಾರಿಯ ಸಿರುಗುಪ್ಪ ಕಡೆ ಹೋಗಬೇಕು, ಅಲ್ಲೂ ಬೆರಳೆಣಿಕೆ. ನೀಲಗಿರಿ ಬೆಳೆಸುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಒಳ್ಳೆಯದೇ. ಆದರೆ ನೀಲಗಿರಿ ಬದಲು ಹೊಂಗೆ ನೆಟ್ಟರೂ ಎರೆಭೂತಕ್ಕೆ ಎಲ್ಲ ಒಂದೇ. ಅದಕ್ಕೆ ಬೇಕಾದದ್ದು ದೂರ ಕಾಣುವ ಬಯಲು. ಸರಿಯಾಗಿ ಮಾಡಿದ ಉದಾಹರಣೆಯೂ ನಮ್ಮಲ್ಲೇ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಮಾಡಿದರು. ಎಂಟುನೂರು ಎಕರೆಯೂ ತುಂಬುವುದಿಲ್ಲ, ಆದರೂ ಕೃಷ್ಣಮೃಗಗಳ ಹಿಂಡು ಹಿಂಡೇ ಇದೆ.

ಎಲ್ಲ ಬೋಳು ಗುಡ್ಡವೂ ಹುಲ್ಲುಗಾವಲು ಅಂತ ನಾನು ಹೇಳುತ್ತಿಲ್ಲ. ಕಾಡು ಕಡಿದು ಬೋಳಾದದ್ದೂ ಇವೆ, ಅಲ್ಲಿ ಮರ ಬೆಳೆಸಲಿ. ಬೆಂಕಿಯ ವಿಷಯವೂ ಅಷ್ಟೇ. ಚಾಮುಂಡಿ ಬೆಟ್ಟಕ್ಕೆ, ಕರಿಘಟ್ಟಕ್ಕೆ ಬೇಸಿಗೆಯಲ್ಲಿ ಯಾರೋ ಬೀಡಿ ಎಸೆದು ಹತ್ತುವ ಬೆಂಕಿಗೂ, ಮಿಸೌರಿಯವರು ನೀರಿನ ಟ್ಯಾಂಕ್ ಪಕ್ಕದಲ್ಲಿಟ್ಟುಕೊಂಡು ಇಡುವ ಬೆಂಕಿಗೂ ಸಂಬಂಧ ಇಲ್ಲ. ನನ್ನ ಪತ್ರ ಓದಿ ಯಾರೂ ಬೆಂಕಿಪೊಟ್ಟಣ ಹಿಡಿದು ಬೆಟ್ಟ ಹತ್ತಬೇಡಿ.

ನಾನು ಕೇಳುವುದು ದೊಡ್ಡದೇನಲ್ಲ. ಪಾಂಡವಪುರ, ನಾಗಮಂಗಲ, ಮೇಲುಕೋಟೆ ಕಡೆ ಒಂದೇ ಒಂದು ಹುಲ್ಲಿನ ಗುಡ್ಡವನ್ನು ಹುಲ್ಲಾಗಿಯೇ ಬಿಟ್ಟು, ಜನ ನಡೆಯಲು ತೆರೆಯಿರಿ. ಮೊದಲು ಅಲ್ಲಿ ಏನೇನು ಹುಲ್ಲು, ಏನೇನು ಹಕ್ಕಿ ಇವೆ ಅಂತ ಪಟ್ಟಿಯಾಗಲಿ. ಮಾನಸಗಂಗೋತ್ರಿಯ ಸಸ್ಯಶಾಸ್ತ್ರದ ಮಕ್ಕಳು ಬರಲಿ, ಜೊತೆಗೆ ಊರಿನ ಕುರಿಗಾಹಿಗಳು ಇರಲಿ. ಯಾವ ಹುಲ್ಲು ಯಾವ ತಿಂಗಳು ತೆನೆ ಬಿಡುತ್ತದೆ, ಯಾವುದನ್ನು ಕುರಿ ಮುಟ್ಟುವುದಿಲ್ಲ ಅಂತ ಅವರಷ್ಟು ಬಲ್ಲವರು ಇಲ್ಲ. ಅವರನ್ನೇ ಗೈಡ್ ಮಾಡಿ, ಸಂಬಳ ಕೊಡಿ. ಕುರಿಗಳನ್ನು ಓಡಿಸಬೇಡಿ. ಅಲ್ಲಿ ಬೈಸನ್ ಮಾಡುವ ಕೆಲಸವನ್ನು ಇಲ್ಲಿ ಕುರಿ, ದನ ಮಾಡಿಕೊಂಡು ಬಂದಿವೆ. ಪಾಳಿ ಮೇಲೆ ಮೇಯಲಿ.

ಚಿರತೆ ಇದೆ, ಒಪ್ಪುತ್ತೇನೆ. ಟಿ. ನರಸೀಪುರ ತಾಲ್ಲೂಕಿನಲ್ಲಿ ಜನ ಪ್ರಾಣ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. ಅದಕ್ಕೇ ಬೆಳಕಾದ ಮೇಲೆ ಮಾತ್ರ, ಗುಂಪಿನಲ್ಲಿ ಮಾತ್ರ, ಗೈಡ್ ಜೊತೆ ಮಾತ್ರ ಅಂತ ನಿಯಮ ಇರಲಿ. ಬೈಸನ್ ಎಲ್ಲಿದೆ ಅಂತ ಕೇಳಿಕೊಂಡು ಹೊರಡುವ ಪದ್ಧತಿ ಅಲ್ಲಿದೆ. ಚಿರತೆಯ ಹೆಜ್ಜೆ ಎಲ್ಲಿ ಕಂಡಿತು ಅಂತ ಹೇಳಿ ಕಳಿಸುವ ಪದ್ಧತಿ ಇಲ್ಲೂ ಸಾಧ್ಯ.

ಇನ್ನು ಶೌಚಾಲಯ. ಇದನ್ನು ಗಂಡಸರು ಬರೆಯುವುದಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ಬೆಟ್ಟ ಹತ್ತುವ ಆಸೆ ಹೆಂಗಸರಿಗೆ ಇಲ್ಲ ಅಂತಲ್ಲ. ಕುಂತಿಬೆಟ್ಟದಂಥ ಕಡೆಗೆ ನಮ್ಮ ಓಣಿಯ ಹೆಂಗಸರು ಹೊರಟರೆ ಬೆಳಗ್ಗೆ ಕಾಫಿ ಸಹ ಕುಡಿಯದೆ ಹೊರಡುತ್ತಾರೆ, ನೀರಿನ ಬಾಟಲಿ ಮುಟ್ಟುವುದಿಲ್ಲ, ಹತ್ತು ಗಂಟೆಗೆಲ್ಲ ವಾಪಸು ಹೋಗೋಣ ಅನ್ನುತ್ತಾರೆ. ಕಾರಣ ಎಲ್ಲರಿಗೂ ಗೊತ್ತು. ಮಿಸೌರಿಯ ಆ ಹುಲ್ಲಿನ ಬಯಲಲ್ಲಿ ನಾನು ಅರ್ಧ ದಿನ ನಿಶ್ಚಿಂತೆಯಿಂದ ಕಳೆದದ್ದಕ್ಕೆ ಅರ್ಧ ಕಾರಣ ಹೂವು, ಇನ್ನರ್ಧ ಕಾರಣ ಪ್ರಕೃತಿ ಕೇಂದ್ರದ ಶುಭ್ರವಾದ ಶೌಚಾಲಯ. ರೋಪ್‌ವೇ, ಗಾಜಿನ ಸೇತುವೆ, ಸೆಲ್ಫಿ ಪಾಯಿಂಟ್ ಅಂತ ಯೋಜನೆ ಹಾಕುವವರು ಮೊದಲು ಎರಡು ಶೌಚಾಲಯ, ಒಂದು ಕುಡಿಯುವ ನೀರಿನ ನಲ್ಲಿ, ಕೂರಲು ಒಂದು ಹೆಂಚಿನ ಮಂಟಪ ಕಟ್ಟಿಸಲಿ. ಅಷ್ಟು ಸಾಕು. ಬಾಟಲಿ ಒಡೆಯುವವರು, ಸ್ಪೀಕರ್ ಹಾಕುವವರು ಗೇಟಿನ ಆಚೆಯೇ ಇರಲಿ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಮಿಸೌರಿಯ ರಾಜ್ಯ ಪಾರ್ಕುಗಳಿಗೆ ಪ್ರವೇಶ ಶುಲ್ಕ ಇಲ್ಲ. ನಾನು ನಂಬದೆ ಮಗಳನ್ನು ಎರಡು ಸಲ ಕೇಳಿದೆ. ಅಲ್ಲಿನ ಜನ 1984ರಲ್ಲಿ ವೋಟು ಹಾಕಿ ತಮ್ಮ ಮೇಲೆ ತಾವೇ ಒಂದು ಸಣ್ಣ ಮಾರಾಟ ತೆರಿಗೆ ಹಾಕಿಕೊಂಡರು. ನೂರು ಡಾಲರ್ ಸಾಮಾನಿಗೆ ಹತ್ತು ಸೆಂಟ್. ಅದರಲ್ಲಿ ಅರ್ಧ ಪಾರ್ಕುಗಳಿಗೆ, ಇನ್ನರ್ಧ ಮಣ್ಣು ಮತ್ತು ನೀರಿನ ಸಂರಕ್ಷಣೆಗೆ. ಗಡುವು ಮುಗಿದಾಗಲೆಲ್ಲ ಮತ್ತೆ ವೋಟು ಹಾಕಿ ಮುಂದುವರಿಸಿದ್ದಾರೆ, ಕೊನೆಯ ಸಲ 2016ರಲ್ಲಿ. ಹುಲ್ಲು ನೋಡಿಕೊಳ್ಳಲು ದುಡ್ಡು ಕೊಡಿ ಅಂದರೆ ರೈತಾಪಿ ಜನ ಹೂಂ ಅಂದಿದ್ದಾರೆ. ನಮಗೆ ಹೊಸ ತೆರಿಗೆಯೂ ಬೇಕಿಲ್ಲ. ಪ್ರತಿ ವರ್ಷ ಗುಂಡಿ ತೋಡಲು, ಸಸಿ ತರಲು, ಶಾಮಿಯಾನ ಹಾಕಲು ಖರ್ಚಾಗುವ ದುಡ್ಡಿನಲ್ಲಿ ಒಂದು ಪಾಲು ಸಾಕು.

ಇಷ್ಟಾದ ಮೇಲೂ ಗಿಡ ನೆಡಲೇಬೇಕು ಅನ್ನುವವರಿಗೆ ಜಾಗ ನಾನು ತೋರಿಸುತ್ತೇನೆ. ಮೈಸೂರು-ಬೆಂಗಳೂರು ರಸ್ತೆ ಅಗಲ ಮಾಡುವಾಗ ಇಕ್ಕೆಲದ ಮರಗಳು ಹೋದವು. ಶ್ರೀರಂಗಪಟ್ಟಣದಿಂದ ಮದ್ದೂರಿನ ತನಕ ಸರ್ವಿಸ್ ರಸ್ತೆಯಲ್ಲಿ ಬಸ್ಸಿಗೆ ಕಾಯುವವರು ತಲೆ ಮೇಲೆ ಟವೆಲ್ ಹಾಕಿಕೊಂಡು ನಿಂತಿರುತ್ತಾರೆ. ಈ ಜೂನ್ 5ಕ್ಕೆ ಅಲ್ಲಿ ಹೊಂಗೆ, ಬೇವು, ಹುಣಸೆ ನೆಡಿ. ಫೋಟೊಗೆ ಹಿನ್ನೆಲೆಯಾಗಿ ಗುಡ್ಡ ಸಿಗುವುದಿಲ್ಲ, ಲಾರಿ ಸಿಗುತ್ತದೆ. ನೀರು ಹಾಕುವ ಪಾಳಿಯಲ್ಲಿ ನನ್ನ ಹೆಸರೂ ಬರೆದುಕೊಳ್ಳಿ.

ಇಂತಿ,
ನಿವೃತ್ತ ಶಿಕ್ಷಕಿ,
ಕುವೆಂಪುನಗರ, ಮೈಸೂರು